ಹತ್ತನೇ ಒಂದು ಪಾಲು

"ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನಿಗೆ ಮೆಷಿನ್ ಕೊಟ್ರೆ ಇನ್ನೇನಾಗುತ್ತೆ ಸಾರ್? ಇವನು ಹಾಕಿರೋದು ಕೋಟಿಂಗ್ ಅಲ್ಲ, ಸುಣ್ಣ!"

ಟೆಸ್ಟಿಂಗ್ ರೂಮಿನಲ್ಲಿದ್ದ ಏಳು ಜನರೂ ಹಲ್ಲು ಕಿಸಿದರು. ಮ್ಯಾನೇಜರಂತೂ ಹೊಟ್ಟೆ ಹಿಡಿದುಕೊಂಡು ನಕ್ಕು, "ನಾಳೆಯಿಂದ ಪ್ಯಾಕಿಂಗಿಗೆ ಹೋಗಪ್ಪ ನೀನು" ಎಂದ.

ಬೈಸಿಕೊಂಡವನ ಮೈ ಉರಿದುಹೋಯಿತು. ಡ್ರಿಲ್ ಬಿಟ್‌ಗಳ ಮೇಲೆ ಕೂದಲೆಳೆಗಿಂತ ತೆಳ್ಳಗೆ, ಬಂಗಾರದ ಬಣ್ಣದ ಲೇಪ ಕೂರಿಸುವುದು ಅವನ ಕೆಲಸ. ಆ ಲೇಪ ಎಷ್ಟು ಗಟ್ಟಿ ಎಂದು ಅಳೆದು, ಎಷ್ಟು ದಿನ ಬಾಳುತ್ತದೆಂದು ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟುವುದು ಮೇಡಂ ಕೆಲಸ. ಬೈದವಳು ಅವಳೇ. ನಿನ್ನೆ ಸಂಜೆ ಬಸ್ ಸ್ಟಾಪಿನಲ್ಲಿ ಅವನ ಕಿರುಬೆರಳು ಹಿಡಿದು ನಿಂತಿದ್ದವಳೂ ಅವಳೇ.

ಮೂರು ತಿಂಗಳ ಹಿಂದೆ ಮೈಕ್ರೋಸ್ಕೋಪಿಗೆ ಅವನ ಕಣ್ಣು ಒತ್ತಿಸಿ ಪಾಠ ಹೇಳಿದ್ದಳು. "ಗಟ್ಟಿ ಅಳೆಯೋಕೆ ಒತ್ತೋ ವಜ್ರದ ಮೊನೆ ಲೇಪದ ದಪ್ಪದಲ್ಲಿ ಹತ್ತನೇ ಒಂದು ಪಾಲಿಗಿಂತ ಆಳಕ್ಕೆ ಇಳೀಬಾರ್ದು. ಇಳಿದ್ರೆ ಕೆಳಗಿನ ಉಕ್ಕಿನ ಮೆದುತನವೂ ಲೆಕ್ಕಕ್ಕೆ ಸೇರಿಬಿಡುತ್ತೆ. ಗೊತ್ತಾಯ್ತಾ?"

"ಇಲ್ಲ ಮೇಡಂ, ಇನ್ನೊಂದ್ಸಲ ಹೇಳಿ."

"ಮೂರು ಸಲ ಹೇಳಿದೀನಲ್ಲೋ!"

"ನಾಲ್ಕನೇ ಸಲ ಇನ್ನೊಂಚೂರು ಹತ್ತಿರ ಬಂದು ಹೇಳಿ."

ಅವಳು ತಲೆಗೆ ಮೊಟಕಿದ್ದಳು. ಆಮೇಲೆ ಹತ್ತಿರ ಬಂದಿದ್ದಳು. ಅವಳ ಉಸಿರು ಕಿವಿಗೆ ತಾಗಿ ಅವನಿಗೆ ಅಂಕಿಯೆಲ್ಲ ಮರೆತುಹೋಗಿತ್ತು. ಪಾಠ ಮಾತ್ರ ಮರೆತಿರಲಿಲ್ಲ.

ಊಟಕ್ಕೆ ಎಲ್ಲರೂ ಎದ್ದುಹೋದ ಮೇಲೆ ಅವನು ಅವಳ ಟೆಸ್ಟಿಂಗ್ ಮೆಷಿನ್ನಿನ ಮುಂದೆ ಕೂತ. ಮೊನೆ ಒತ್ತುವ ಭಾರ ಗೊತ್ತುಮಾಡುವ ಲೋಡಿನ ತಿರುಪು ಐನೂರು ಗ್ರಾಮಿನಲ್ಲಿ ನಿಂತಿತ್ತು! ನಿನ್ನೆ ಬಂದಿದ್ದ ದಪ್ಪ ತುಂಡಿಗೆ ಇಟ್ಟ ಭಾರ ಅದು. ಅವನ ಲೇಪ ಬರೀ ಐದು ಮೈಕ್ರಾನ್. ಮೊನೆ ಅರ್ಧಕ್ಕಿಂತ ಆಳ ಹೊಕ್ಕು, ಗುರುತಿನ ಸುತ್ತ ಬಿರುಕೆದ್ದಿತ್ತು. ತಿರುಪನ್ನು ಹತ್ತು ಗ್ರಾಮಿಗೆ ಇಳಿಸಿ, ಪಕ್ಕದಲ್ಲೇ ಐದು ಸಲ ಒತ್ತಿದ. ಬೆಳಿಗ್ಗೆ ಗಟ್ಟಿತನ ಸಾವಿರದ ನೂರು ಎಂದು ತೋರಿಸಿದ್ದ ಮೆಷಿನ್ನು ಐದು ಸಲವೂ ಎರಡು ಸಾವಿರ ದಾಟಿತು.

ಅವಳು ಬಂದಳು, ನೋಡಿದಳು. ಮುಖ ಬಿಳಿಚಿಕೊಂಡಿತು.

"ಅಯ್ಯೋ... ಲೋಡ್ ಬದಲಾಯಿಸೋದೇ ಮರೆತುಬಿಟ್ಟೆ."

"ಹೋಗಿ ಹೇಳು ಅವರಿಗೆ."

ಅವಳು ಬಾಗಿಲು ಮುಚ್ಚಿದಳು. "ಕೋಪ ಮಾಡ್ಕೋಬೇಡ. ಆ ತಪ್ಪು ಅಂಕಿ ಹಾಕಿದ ಮಾಡೆಲ್ ಆಗ್ಲೇ ಮೇಲಿನವರಿಗೆ ಹೋಗಿದೆ. ನೀನು ಇನ್ನೊಂದು ಬ್ಯಾಚ್ ಹಾಕು, ಈ ಸಲ ಸರಿ ಬಂತು ಅಂತ ಬರೀತೀನಿ. ನಿನ್ನ ಕೆಲಸ ಉಳಿಯುತ್ತೆ."

"ಅಂದ್ರೆ, ಮೊದಲನೇದು ನಾನೇ ಕೆಡಿಸಿದ್ದು ಅಂತಾನಾ?"

"ನಿನ್ನ ಮೇಲೆ ಅವರಿಗೆ ಮೊದಲೇ ಏನೂ ನಿರೀಕ್ಷೆ ಇಲ್ಲ ಕಣೋ. ಹೆಸರು ಹಾಳಾದ್ರೆ ನಂದು ತಾನೇ?"

ಹೇಳಿದ ಮೇಲೆ ಅವಳಿಗೂ ಕೇಳಿಸಿತೇನೋ, ತುಟಿ ಕಚ್ಚಿಕೊಂಡಳು. ಎಷ್ಟು ಸಲೀಸಾಗಿ ಬಂದಿತ್ತು ಮಾತು! ಮನೆಯಲ್ಲಿ ಅಕ್ಕನ ಮುಂದೆ ಅವನು ಇವಳನ್ನು ಹೊಗಳಿದ್ದೇ ಹೊಗಳಿದ್ದು. "ಓದಿದೋಳು ನಿನ್ನನ್ನ ಯಾಕೋ ಒಪ್ತಾಳೆ?" ಎಂದಿದ್ದಕ್ಕೆ ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟಿದ್ದ.

ಅವಳು ಅವನ ಮುಂದೆ ಬಂದು ನಿಂತಳು. ಕಣ್ಣು ತುಂಬಿತ್ತು. ಆ ಕಣ್ಣು ಸುಳ್ಳಾಡುತ್ತಿರಲಿಲ್ಲ, ಅದೇ ಅವನನ್ನು ಇನ್ನಷ್ಟು ಕೆರಳಿಸಿತು.

"ನೀನಂದ್ರೆ ನಂಗೆ ಪ್ರಾಣ. ಇವತ್ತು ಬಾಯಿಬಿಟ್ಟು ಹೇಳ್ತಿದೀನಿ. ನಿಂಗೂ ನಾನು ಬೇಕು ತಾನೇ? ಹೇಳೋ."

ಮೂರು ತಿಂಗಳಿಂದ ಅವನು ಕಾದಿದ್ದು ಈ ಮಾತಿಗೇ. ಆದರೂ ಕೈಗವಸು ಕಳಚಿ ಮೇಜಿನ ಮೇಲೆ ಇಟ್ಟು, ಬಾಗಿಲು ತೆಗೆದು ನಡೆದ.

"ನಿಲ್ಲೋ!" ಅವಳ ಚಪ್ಪಲಿಯ ಸದ್ದು ಓಡೋಡಿ ಅವನ ಹಿಂದೆಯೇ ಬಂತು. ಅಷ್ಟರಲ್ಲಿ ಊಟ ಮುಗಿಸಿದವರು ಕೈ ಒರೆಸಿಕೊಳ್ಳುತ್ತಾ ಎದುರಿಗೆ ಬಂದರು. ಹೊಸ್ತಿಲ ಹತ್ತಿರ ಸದ್ದು ನಿಂತುಹೋಯಿತು.

ಅವನು ತಿರುಗಿ ನೋಡದೆ ಹೊರಟುಹೋದ.