ಒಂದು ದಿನದ ಮೂವತ್ತೈದು

2004ರ ಮೇ ಹದಿಮೂರು, ಗುರುವಾರ. ಬಿರುಬೇಸಿಗೆ, ಬೆಳಗ್ಗೆ ಹನ್ನೊಂದು ಗಂಟೆ. ಕಾಲೇಜಿನ ಗುಮಾಸ್ತ ಶಿವಲಿಂಗಯ್ಯ ಬೆವರೊರೆಸಿಕೊಳ್ಳುತ್ತ ಠಾಣೆಗೆ ದೂರು ತಂದರು. ಅನು ಎಂಬ ಹುಡುಗಿಯನ್ನು ಸೇರಿಸಲು ಅವಳಪ್ಪ ಕೊಟ್ಟ ಎಸ್ಸೆಸ್ಸೆಲ್ಸಿ ಫಲಿತಾಂಶದ ಪ್ರಿಂಟಿನಲ್ಲಿ ಗಣಿತಕ್ಕೆ ಮೂವತ್ತೈದು. ಸರ್ಕಾರದ ವೆಬ್‌ಸೈಟಿನಲ್ಲಿ ಇಪ್ಪತ್ತೆರಡು. ಎಫ್‌ಐಆರ್ ಆಯಿತು.

ಇನ್ಸ್‌ಪೆಕ್ಟರ್ ಸಿದ್ದಮಲ್ಲಪ್ಪ ಹುಡುಗಿಯ ಅಪ್ಪ ಚೆಲುವರಾಜುವನ್ನು ಕರೆಸಿದರು.

“ತಿದ್ದಿದ್ದು ಯಾರು?”

“ನಾನಲ್ಲ ಸಾ. ಸೋಮವಾರ ಇಂಟರ್ನೆಟ್ ಸೆಂಟರ್ನಲ್ಲಿ ಕಣ್ಣಾರೆ ನೋಡಿ ಪ್ರಿಂಟ್ ತಗೊಂಡೆ. ಅವ್ವಂಗೂ ಓದಿ ಹೇಳ್ದೆ.”

ಎರಡು ಗಂಟೆಗೆ ಹೆಡ್ ಕಾನ್ಸ್‌ಟೇಬಲ್ ಚನ್ನಬಸವಯ್ಯ ಪಂಚರೊಡನೆ ವಿಜಯನಗರದ ಆ ಸೆಂಟರಿಗೆ ಹೋದರು. ಅನುವಿನ ಪರೀಕ್ಷೆ ನಂಬರು ಒತ್ತಿಸಿದರೆ ಈಗ ಅಲ್ಲೂ ಇಪ್ಪತ್ತೆರಡೇ! ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸೆಂಟರಿನ ಪ್ರೋಗ್ರಾಂ ಬರೆದಿದ್ದ ಮಾಲೀಕ ನಿಶಾಂತ್ ವಿವರಿಸಿದ.

“ಸರ್ಕಾರದ ಸೈಟು ನಿಧಾನ ಸರ್. ಒಂದ್ಸಲ ತಂದ ರಿಸಲ್ಟಿನ ನಕಲನ್ನ ಇಲ್ಲೇ ಒಂದಿನ ಇಟ್ಕೊತೀವಿ. ಮತ್ತೆ ಕೇಳ್ದೋರಿಗೆ ಅದನ್ನೇ ತೋರಿಸ್ತೀವಿ. ಆಮೇಲೆ ತಾನೇ ಅಳಿಸೋಗುತ್ತೆ.”

“ಫ್ಲಾಸ್ಕಲ್ಲಿ ಕಾಫಿ ಇಟ್ಟಂಗೆ ಅನ್ನು. ಅದಕ್ಕೆ ಸಕ್ಕರೆ ಹಾಕ್ದೋರು ಯಾರಪ್ಪ?”

ಚನ್ನಬಸವಯ್ಯ ನಿಶಾಂತನ ಕೈಯಿಂದಲೇ ಪ್ರೋಗ್ರಾಮೇ ಬರೆದಿಟ್ಟ ದಾಖಲೆ ತೆಗೆಸಿದರು: ಸೋಮವಾರ 11.40ಕ್ಕೆ ತಂದ ನಕಲು, 11.52ಕ್ಕೆ ಅವನದೇ ಪಾಸ್‌ವರ್ಡಿನಿಂದ ತಿದ್ದುಪಡಿ. ಪಂಚನಾಮೆ ಬರೆದು ಕಂಪ್ಯೂಟರನ್ನು ವಶಕ್ಕೆ ಪಡೆದರು. ಅದರ ನೆತ್ತಿಯ ಮೇಲೆ ಬಾಡಿದ ಕನಕಾಂಬರ.

“ಇದ್ಯಾರು ಮುಡಿಸಿದ್ದು?”

“ಅನು ಅಜ್ಜಿ, ಕೆಂಚಮ್ಮ. ಬಾಗಿಲಲ್ಲೇ ಹೂ ಮಾರ್ತಾರೆ. ಮೊಮ್ಮಗಳು ಪಾಸಾಗ್ಲಿ ಅಂತ ದಿನಾ ಕಂಪ್ಯೂಟರಿಗೆ ಒಂದ್ಮೊಳ. ಮಂಗಳವಾರ ಅವರಿಗೆ ಆಪರೇಷನ್. ಕಂಪ್ಯೂಟರ್ ಪಾಸು ಅನ್ನೋವರ್ಗೂ ಆಸ್ಪತ್ರೆಗೆ ಹೋಗಲ್ಲ ಅಂತ ಕೂತ್ಬುಟ್ರು. ಒಂದಿನದ ಸುಳ್ಳು ತಾನೆ ಅಂದ್ಕೊಂಡೆ. ಪ್ರಿಂಟು ಕಾಲೇಜಿಗೆ ಹೋಗುತ್ತೆ ಅಂತ ಹೊಳೀಲಿಲ್ಲ ಸರ್.”

ಸಂಜೆ 4.10ಕ್ಕೆ ದಸ್ತಗಿರಿ. ಚನ್ನಬಸವಯ್ಯ ಬೇಡಿ ತೊಡಿಸಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಕರೆತಂದರು.

ಮರುದಿನ ಆಸ್ಪತ್ರೆಯಲ್ಲಿ ಹೇಳಿಕೆ ಪಡೆಯುವಾಗ ಕೆಂಚಮ್ಮ ನಕ್ಕರು. “ನಂಗೊತ್ತಿತ್ತು ಕಣಪ್ಪ. ಪಾಸಾಗಿದ್ರೆ ಅನು ಬೀದಿಗೆಲ್ಲ ಸಕ್ಕರೆ ಹಂಚೋಳು. ಅವತ್ತು ಸುಮ್ಕೆ ನನ್ ಕಾಲೊತ್ತುತಾ ಕೂತಿದ್ಲು. ಆ ಹುಡ್ಗ, ಇವ್ಳು ಇಬ್ರೂ ನಂಗೋಸ್ಕರ ಅಷ್ಟು ಕಷ್ಟಪಟ್ಟವ್ರೆ ಅಂತ ನಾನೂ ನಂಬಿದಂಗೆ ಮಾಡ್ದೆ.”

ಶನಿವಾರ ನಿಶಾಂತನಿಗೆ ಜಾಮೀನಾಯಿತು. ಅನು ಗಣಿತದ ಮರುಪರೀಕ್ಷೆಗೆ ಅರ್ಜಿ ಹಾಕಿದಳು.

ಮೇ ಹತ್ತೊಂಬತ್ತು, ಬುಧವಾರ, ಕೆಂಚಮ್ಮ ಆಸ್ಪತ್ರೆ ಬಿಟ್ಟರು. ಆಟೋ ಠಾಣೆಯ ಮುಂದೆ ನಿಂತಿತು. ಅನು ಒಳಗೆ ಬಂದು, ವಶದಲ್ಲಿದ್ದ ಕಂಪ್ಯೂಟರಿನ ಮೇಲೆ ಒಂದು ಮೊಳ ಕನಕಾಂಬರವಿಟ್ಟು ಹೋದಳು. ಚನ್ನಬಸವಯ್ಯ ಆ ಹೂವನ್ನು ವಶದ ವಸ್ತುಗಳ ಯಾವ ಪಟ್ಟಿಗೂ ಸೇರಿಸಲಿಲ್ಲ.