ಆರನೇ ಹೆಸರು

"ಮನೇಲಿ ಒಟ್ಟು ಎಷ್ಟು ಜನ ಇದೀರಾ?"

ಹಾಲಸ್ವಾಮಿ ಮೇಷ್ಟ್ರು ಜಗಲಿಯ ಮೇಲೆ ಕೂತು, ಜನಗಣತಿಯ ದೊಡ್ಡ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು.

"ಐದು ಜನ ಮೇಷ್ಟ್ರೇ," ಅಂದರು ಕಾಡಸಿದ್ದಪ್ಪ ತಾತ.

ಕಾಫಿ ಲೋಟ ಹಿಡಿದು ನಿಂತಿದ್ದ ಸೌಂದರ್ಯ ಮನಸ್ಸಿನಲ್ಲೇ ಎಣಿಸಿದಳು. ತಾತ, ಅಪ್ಪ, ಅಮ್ಮ, ಬಸವರಾಜು ಚಿಕ್ಕಪ್ಪ, ತಾನು. ಐದು. ಮತ್ತೆ ರುದ್ರತ್ತೆ?

ರುದ್ರತ್ತೆ ಅಪ್ಪನ ತಂಗಿ. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಇರುತ್ತಾಳೆ. ಒಂದೊಂದು ದಿನ ಯಾರೂ ಇಲ್ಲದಿದ್ದರೂ ಯಾರ ಜೊತೆಗೋ ಮಾತಾಡುತ್ತಾಳೆ, ಜಗಳ ಆಡುತ್ತಾಳೆ. ಇನ್ನೊಂದು ದಿನ ಸೌಂದರ್ಯಳಿಗೆ ಜಡೆ ಹಾಕುತ್ತಾ ಮಗ್ಗಿ ಹೇಳಿಸುತ್ತಾಳೆ. ಯಾರಾದರೂ ಬಂದರೆ ಮಾತ್ರ ಅಮ್ಮ ಆ ಕೋಣೆಯ ಚಿಲಕ ಹಾಕಿಬಿಡುತ್ತಾಳೆ. ಈ ವರ್ಷ ಚಿಕ್ಕಪ್ಪನಿಗೆ ಹೆಣ್ಣು ನೋಡುತ್ತಿದ್ದರು. ಚಿಲಕ ತೆಗೆಯೋದೇ ಕಡಿಮೆಯಾಗಿತ್ತು.

ಮೇಷ್ಟ್ರು ಚಿಕ್ಕನಾಯಕನಹಳ್ಳಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಊರಿಂದ ದೂರ ತೋಟದಲ್ಲಿದ್ದ ಈ ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಅವರು ಕಾಫಿ ತಗೊಂಡು ನಕ್ಕರು. "ಐದೇನಾ ಸೌಂದರ್ಯ? ನೀನೇ ಕ್ಲಾಸ್ ಲೀಡರ್ ಅಲ್ವಾ, ಸರಿಯಾಗಿ ಹೇಳು ನೋಡೋಣ."

ತಾತ ಅವಳನ್ನೇ ನೋಡಿದರು.

"ಹೂ ಸಾರ್, ಐದು."

ಮಧ್ಯಾಹ್ನ ಸೌಂದರ್ಯ ಊಟದ ತಟ್ಟೆ ತಗೊಂಡು ಅತ್ತೆಯ ಕೋಣೆಗೆ ಹೋದಳು.

"ಯಾರ್ ಬಂದಿದ್ರು ಸೌಂದೂ?"

"ನಮ್ಮ ಮೇಷ್ಟ್ರು. ಮನೇಲಿ ಇರೋರ ಹೆಸರು ಬರ್ಕೊಳ್ಳೋಕೆ."

"ನಂದೂ ಬರ್ಕೊಂಡ್ರಾ?"

ಸೌಂದರ್ಯ ತಟ್ಟೆ ಕೆಳಗಿಟ್ಟಳು. "ಹೂ ಅತ್ತೆ. ಬರ್ಕೊಂಡ್ರು."

"ಪೂರ್ತಿ ಬರ್ದ್ರಾ? ಶಿವರುದ್ರಮ್ಮ, ಏಳನೇ ಕ್ಲಾಸ್ ಪಾಸು ಅಂತ?"

"ಹೂ."

ಅತ್ತೆ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು. "ಒಳ್ಳೇದಾಯ್ತು ಬುಡು," ಎಂದು ಮುದ್ದೆ ಮುರಿದಳು.

ಮಾರನೇ ದಿನ ಮೇಷ್ಟ್ರು ಕ್ಲಾಸಿನಲ್ಲಿ ಜನಗಣತಿಯ ಬಗ್ಗೆ ಹೇಳಿದರು. "ದೇಶದಲ್ಲಿ ಇರೋ ಒಬ್ಬರನ್ನೂ ಬಿಡೋ ಹಾಗಿಲ್ಲ."

"ತಿಪಟೂರು ಸ್ಟೇಷನ್ನಲ್ಲಿ ಮಲಗಿರ್ತಾರಲ್ಲ ಸಾರ್, ಅವರನ್ನೂನಾ?" ಎಂದು ಹಿಂದಿನ ಬೆಂಚಿನಿಂದ ಕಾಂತೇಶ ಕೇಳಿದ.

"ಹೂ ಕಣಪ್ಪ. ತಿಂಗಳ ಕೊನೇ ದಿನ ಅವರನ್ನೂ ಹುಡುಕ್ಕೊಂಡು ಹೋಗಿ ಬರ್ಕೋತಾರೆ."

ಸೌಂದರ್ಯಳಿಗೆ ಆಮೇಲೆ ಪಾಠ ಕಿವಿಗೆ ಬೀಳಲೇ ಇಲ್ಲ. ಸ್ಕೂಲ್ ಬಿಟ್ಟ ಮೇಲೆ ಅವಳೊಬ್ಬಳೇ ಉಳಿದಳು.

"ಸಾರ್... ನಮ್ಮನೇಲಿ ಆರು ಜನ."

ಮೇಷ್ಟ್ರು ಬೀಗ ಹಾಕುತ್ತಿದ್ದವರು ನಿಂತರು.

"ನಮ್ಮತ್ತೆ ಇದಾರೆ ಸಾರ್. ಅವರಿಗೆ ತಲೆ ಸರಿ ಇಲ್ಲ ಅಂತ..." ಅವಳಿಗೆ ಅಳು ಬಂತು.

ಮೇಷ್ಟ್ರು ಬೈಯಲಿಲ್ಲ. "ಮನೆಯವರು ಹೇಳ್ದೆ ನಾನು ಬರ್ಕೊಳ್ಳೋ ಹಾಗಿಲ್ಲ ಕಣಮ್ಮ. ಮಾರ್ಚ್ ಒಂದನೇ ತಾರೀಕು ಇನ್ನೊಂದ್ಸಲ ಎಲ್ಲರ ಮನೆಗೂ ಹೋಗ್ಬೇಕು. ಅವಾಗ ಕೇಳ್ತೀನಿ. ನೀನು ಹೇಳ್ದೆ ಅಂತ ಹೇಳಲ್ಲ."

ಹೇಳಿದ ಹಾಗೇ ಅವರು ಬಂದರು. ಹಳೇ ಹಾಳೆ ತೆಗೆದು ಒಂದೊಂದೇ ಹೆಸರು ಓದಿದರು. "ಯಾರ ಹೆಸರಾದ್ರೂ ಬಿಟ್ಟು ಹೋಗಿದೆಯಾ ಕಾಡಸಿದ್ದಪ್ಪನೋರೇ?"

"ಇಲ್ಲ ಬುಡಿ," ಅಂದರು ತಾತ.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕದೆ ಕೂತೇ ಇದ್ದರು.

ಸೌಂದರ್ಯ ಮುಂದೆ ಬಂದಳು. "ತಾತ, ಆರು," ಅಂದಳು.

"ಲೇ, ಒಳಗೋಗೇ!" ಎಂದು ಚಿಕ್ಕಪ್ಪ ಗದರಿದ. "ಇದೆಲ್ಲ ಸರ್ಕಾರದ ಹಾಳೇಲಿ ಬಂದ್ರೆ ನಂಗ್ಯಾರು ಹೆಣ್ಣು ಕೊಡ್ತಾರೆ?"

ಅಪ್ಪ ತಲೆ ತಗ್ಗಿಸಿ ಕೂತಿದ್ದ. ತಾತ ಅಂಗಳದ ಕಡೆ ನೋಡುತ್ತಿದ್ದರು.

ಆಗ ಒಳಗೆ ಚಿಲಕ ತೆಗೆದ ಸದ್ದು ಕೇಳಿಸಿತು. ತಾತನ ಎದುರು ಯಾವತ್ತೂ ಮಾತಾಡದ ಅಮ್ಮ, ರುದ್ರತ್ತೆಯ ಕೈ ಹಿಡಿದು ಜಗಲಿಗೆ ಕರಕೊಂಡು ಬಂದಳು. ಬಿಸಿಲಿಗೆ ಅತ್ತೆಯ ಕಣ್ಣು ಕಿರಿದಾಯಿತು.

ತಾತ ಅಂಗಳದಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. "ಬರ್ಕೊಳಿ ಮೇಷ್ಟ್ರೇ. ಶಿವರುದ್ರಮ್ಮ. ನನ್ನ ಮಗಳು."

ಮೇಷ್ಟ್ರು ವಯಸ್ಸು, ಓದು ಎಲ್ಲಾ ಕೇಳಿ ಬರೆದುಕೊಂಡರು. ಆಮೇಲೆ ಮೆಲ್ಲಗೆ, "ಏನು ತೊಂದರೆ ಇದೆಯಮ್ಮಾ ನಿಮಗೆ?" ಅಂದರು. ತಾತನನ್ನು ಕೇಳಲಿಲ್ಲ. ಅತ್ತೆಯನ್ನೇ ಕೇಳಿದರು.

"ತಲೆ ಒಳಗೆ ಯಾರೋ ಮಾತಾಡ್ತಾರೆ," ಅಂದಳು ಅತ್ತೆ. "ಕೆಲವು ದಿನ ನಿದ್ದೆ ಮಾಡೋಕೇ ಬುಡಲ್ಲ."

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ. ಈ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮೇಷ್ಟ್ರು ಎದ್ದಾಗ, ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆಗೇ ಹೊರಟ. "ಇದಕ್ಕೆ ಡಾಕ್ಟ್ರು ಎಲ್ಲಿರ್ತಾರೆ ಮೇಷ್ಟ್ರೇ?" ಎಂದು ಕೇಳುತ್ತಿದ್ದದ್ದು ದೂರದಿಂದ ಕೇಳಿಸಿತು. ಚಿಕ್ಕಪ್ಪ ಯಾರಿಗೂ ಹೇಳದೆ ಬೈಕ್ ಸ್ಟಾರ್ಟ್ ಮಾಡಿದ.

ಸೌಂದರ್ಯ ಅತ್ತೆಯ ಹತ್ತಿರ ಬಂದಳು. "ಅತ್ತೆ, ಅವತ್ತು ನಾನು ಸುಳ್ಳು ಹೇಳಿದ್ದೆ. ನಿನ್ನ ಹೆಸರು ಬರ್ಕೊಂಡಿರ್ಲಿಲ್ಲ."

"ಗೊತ್ತು ಕಣೇ."

"ಹೆಂಗೆ?"

"ಐದು ಅಂದ್ಯಲ್ಲ, ಕೇಳುಸ್ತು." ಅತ್ತೆ ಜಗಲಿಯ ಗೋಡೆಯನ್ನು ತೋರಿಸಿದಳು. "ಇಲ್ಲಿ ಆಡೋದೆಲ್ಲ ಆ ಕಡೆ ನನ್ ಕೋಣೆಗೆ ಕೇಳುಸ್ತದೆ."

ಸೌಂದರ್ಯ ಗೋಡೆಯನ್ನು ನೋಡಿದಳು. ಹೆಣ್ಣಿನ ಕಡೆಯವರು ಬಂದಾಗ ತಾತ ಆಡಿದ ಮಾತು. ಚಿಕ್ಕಪ್ಪ ಕೋಪದಲ್ಲಿ ಆಡಿದ ಮಾತು. "ನಮ್ಮನೇಲಿ ಇನ್ಯಾರೂ ಇಲ್ಲ ಕಣೇ" ಎಂದು ತಾನೇ ಗೆಳತಿ ಪವಿತ್ರಳಿಗೆ ಹೇಳಿದ್ದು. ಎಲ್ಲವೂ ಈ ಜಗಲಿಯ ಮೇಲೇ.

ಅವಳು ಅತ್ತೆಯ ಪಕ್ಕ ಕೂತಳು. ಚಿಕ್ಕಪ್ಪನ ಬೈಕಿನ ಸದ್ದು ತೋಟ ದಾಟಿ ಕೇಳಿಸದಂತಾದ ಮೇಲೂ ಇಬ್ಬರೂ ಹಾಗೇ ಕೂತಿದ್ದರು.