ಕೊನೆಯ ಅಂಕಿ

ನಾನು ಆಸ್ಪತ್ರೆಯಲ್ಲಿ ರೋಗಿಗಳ ಕಡತ ಓದಿ, ಕಾಯಿಲೆಗೆ ತಕ್ಕ ಕೋಡ್ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವವಳು. ಆ ಮಧ್ಯಾಹ್ನ, ಇಪ್ಪತ್ತು ವರ್ಷದಿಂದ ನಿದ್ದೆ ಮಾತ್ರೆಗೆ ಅಂಟಿಕೊಂಡಿದ್ದ ಅಜ್ಜಿಯೊಬ್ಬರ ಕಡತ ಬಂತು. ‘ಚಟವಿದೆ’ ಎಂಬರ್ಥದ, ಸೊನ್ನೆಯಲ್ಲಿ ಕೊನೆಯಾಗುವ ಸಂಖ್ಯೆ ಒತ್ತಿದೆ. ಕಣ್ಣೆದುರೇ ಕೊನೆಯ ಸೊನ್ನೆ ತಾನಾಗಿ ‘1’ ಆಯಿತು. ಅಂದರೆ ‘ಚಟ ಬಿಟ್ಟಿದ್ದಾರೆ’. ಅಳಿಸಿ ಸೊನ್ನೆ ಒತ್ತಿದೆ; ಮತ್ತೆ ‘1’ ಆಯಿತು. ಬೆರಳ ಕೆಳಗೆ ಕೀಲಿಗಳು ತಣ್ಣಗಾದವು. ಪಕ್ಕದ ಖಾಲಿ ಕುರ್ಚಿಯಿಂದ ಗಾಢ ನಿದ್ದೆಯ ಉಸಿರು ಕೇಳಿಸಿತು. ಅಜ್ಜಿ ಇದ್ದ ವಾರ್ಡಿಗೆ ಫೋನ್ ಮಾಡಿದೆ.

“ಅಜ್ಜಿ ಮಾತ್ರೆ ಬೇಡ ಅಂತ ಹಾಗೇ ಮಲಗಿಬಿಟ್ರು ಕಣಮ್ಮ, ಮಗು ಥರ,” ಎಂದರು ನರ್ಸಮ್ಮ. “ಮಲಗೋ ಮುಂಚೆ ‘ಇನ್ನೊಂದ್ಸಲ ಅಳಿಸ್ಬೇಡ ಅಂತ ಆ ಹುಡುಗಿಗೆ ಹೇಳಿ’ ಅಂದ್ರು. ಯಾವ ಹುಡುಗೀನೋ!”

ಸಂಖ್ಯೆ ಹಾಗೇ ಬಿಟ್ಟು ಕೈಮುಗಿದೆ. ಆ ಅಜ್ಜಿ ನನ್ನನ್ನು ನೋಡಿಯೇ ಇರಲಿಲ್ಲ. ಮಾತ್ರೆಯನ್ನೂ ಮತ್ತೆಂದೂ ಮುಟ್ಟಲಿಲ್ಲ.